ಬೇವಿನ ಹೊಗೆಗೆ ಹದಿನಾಲ್ಕು ದಿನ

ಇವತ್ತು ಬೆಳಿಗ್ಗೆ ಬೀದಿ ನಲ್ಲಿಯ ನೀರಿನಲ್ಲಿ ಬ್ಲೀಚಿಂಗ್ ಪೌಡರ್ ವಾಸನೆ ಜೋರಾಗಿತ್ತು. ನೋಡಿದರೆ, ನನಗರಿವಿಲ್ಲದೆ ಚಪ್ಪಲಿ ಬಿಚ್ಚಿ ನಿಂತಿದ್ದೇನೆ. ಆ ವಾಸನೆಗೆ ನಿಮಗೆ ಕೊರೊನಾ ನೆನಪಾಗಬಹುದು. ನನಗೆ ನೆನಪಾಗುವುದು ಶಿಡ್ಲಘಟ್ಟದ ಹತ್ತಿರ ರೇಷ್ಮೆ ಬೆಳೆಯುವ ನನ್ನ ತಂಗಿ ಮುನಿರತ್ನ.

ಚಿಕ್ಕಬಳ್ಳಾಪುರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದವನು ನಾನು. ಎರಡು ದಿನಕ್ಕೆಂದು ತಂಗಿಯ ಮನೆಗೆ ಹೋಗಿದ್ದೆ. ದೇಶಕ್ಕೇ ಬೀಗ ಬಿತ್ತು. ಬಸ್ಸು ನಿಂತಿತು, ನಾನು ಉಳಿದೆ. ಸುಮ್ಮನೆ ಕೂರುವ ಅಭ್ಯಾಸವಿಲ್ಲ. ಮರುದಿನವೇ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಆರಕ್ಕೆ ಕೈ ತೊಳೆಯುವುದು, ಆರೂವರೆಗೆ ಕಷಾಯ, ಏಳಕ್ಕೆ ಮತ್ತೆ ಕೈ. ಅಂಗಳದಲ್ಲಿ ಮೂರಡಿಗೊಂದು ಸುಣ್ಣದ ವೃತ್ತ ಎಳೆದೆ.

ತಂಗಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ನೋಡಿದಳು. "ಅಣ್ಣಾ, ನಿನ್ ರೂಲ್ಸು ನಿನ್ನೆ ಬಂದವು. ಕಾಲ್ ತೊಳೀದೆ ನಮ್ಮತ್ತೇನೂ ಹುಳು ಮನೆಗೆ ಬಿಟ್ಟೋಳಲ್ಲ ನಾನು."

ನಿಜವೇ. ರೇಷ್ಮೆ ಹುಳು ಸಾಕುವ ಆ ಮನೆಯ ಬಾಗಿಲಲ್ಲಿ ಕಾಲು ಅದ್ದಲು ಬ್ಲೀಚಿಂಗ್ ನೀರಿನ ತೊಟ್ಟಿ, ಒಳಗೆ ಬೇರೆ ಚಪ್ಪಲಿ, ಹೊರಗಿನವರಿಗೆ ಪ್ರವೇಶವಿಲ್ಲ. ದೇಶವೆಲ್ಲ ಆಗಷ್ಟೇ ಕಲಿಯುತ್ತಿದ್ದ ಪಾಠವನ್ನು ಇವರು ಹುಳುಗಳಿಗಾಗಿ ಎಂದೋ ಕಲಿತಿದ್ದರು. ಶಿಸ್ತಿನಲ್ಲಿ ನನ್ನನ್ನು ಮೀರಿಸಿದವರನ್ನು ಕಂಡು ನನಗೆ ಹೊಟ್ಟೆ ಉರಿಯಿತು.

ಆ ಉರಿಯಲ್ಲೇ ಒಂದು ಕೆಲಸ ಮಾಡಿದೆ. ಬೇವಿನ ಸೊಪ್ಪು, ಕರ್ಪೂರದ ಹೊಗೆಗೆ ವೈರಸ್ ಸಾಯುತ್ತದೆಂದು ಯಾರೋ ಮೊಬೈಲಿಗೆ ಕಳಿಸಿದ್ದರು. ಸರಿಯಾಗಿ ಎಂಟು ಗಂಟೆಗೆ ಅಂಗಳದಲ್ಲಿ ಬಾಣಲೆ ತುಂಬ ಹೊಗೆ ಹಾಕಿದೆ. ಗಾಳಿ ಯಾವ ಕಡೆಗೆಂದು ಮಾತ್ರ ನೋಡಲಿಲ್ಲ. ಹೊಗೆಯೆಲ್ಲ ಹುಳು ಮನೆಯ ಕಿಟಕಿಗೆ ನುಗ್ಗಿತು.

ಮುನಿರತ್ನ ಓಡಿಬಂದು ಕೊಡದ ನೀರು ಸುರಿದಳು. ಅರ್ಧ ಬಾಣಲೆಗೆ, ಅರ್ಧ ನನಗೆ. "ಹೊಗೆ ತಾಕಿದ್ರೆ ಹುಳ ಸೊಪ್ಪು ಮುಟ್ಟಲ್ಲ ಕಣೋ! ಇನ್ನ್ ನಾಲ್ಕು ದಿನಕ್ಕೆ ಗೂಡು ಕಟ್ಟೋವು. ಕೊರೊನಾನೇ ವಾಸಿ ನಿನಗಿಂತ!" ಅಣ್ಣನಿಗೆ ಅವಳು 'ಕಣೋ' ಎಂದದ್ದು ಅದೇ ಮೊದಲು.

ಅವಳ ಗಂಡ ನಾರಾಯಣಸ್ವಾಮಿ ಮೆಲ್ಲಗೆ ಹತ್ತಿರ ಬಂದ. "ಭಾವಾ, ಪಂಪ್‌ಸೆಟ್ ರೂಮಿಗೆ ಹೋಗ್ಬಿಡಿ. ಹದಿನಾಲ್ಕು ದಿನ ಕ್ವಾರಂಟೈನ್ ಅಂತೆ, ಅವಳ ಆರ್ಡ್ರು. ಜಾಗ ಇದ್ರೆ ನಾನೂ ಬರ್ತೀನಿ."

ಹೋದೆ. ಬಲಿತ ಹುಳುಗಳು ಸೊಪ್ಪು ಮೇಯುವಾಗ ಜಿನುಗು ಮಳೆಯಂಥ ಸದ್ದು ಬರುತ್ತದೆ. ಆ ದಿನ ಎಷ್ಟು ಸಲ ಬಂದು ಕಿಟಕಿಯ ಹೊರಗೆ ನಿಂತರೂ ಅದು ಕೇಳಿಸಲಿಲ್ಲ. ಬೆಳೆ ಹೋದರೆ ಗಂಡಹೆಂಡಿರ ಒಂದು ತಿಂಗಳ ದುಡಿಮೆ ಹೋದಂತೆ. ತಂಗಿ ಊಟ ಮಾಡಲಿಲ್ಲ. ಪಟ್ಟಿಯಲ್ಲಿದ್ದರೂ ನಾನೂ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಹೊಸ ಸೊಪ್ಪು ಹಾಕುವುದನ್ನು ಕಾದು, ಹೊರಗೋಡೆಗೆ ಕಿವಿ ಹಚ್ಚಿ ನಿಂತೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ಮೂಲೆಯಲ್ಲಿ ಸರಸರ. ಇನ್ನೊಂದು ಮೂಲೆಯಲ್ಲೂ. ನೋಡನೋಡುತ್ತ ಮನೆಯೆಲ್ಲ ಮಳೆ.

ಒಳಗಿನಿಂದ ತಂಗಿ ಕೇಳಿದಳು: "ಕೇಳಿಸ್ತಾ?"

"ಕೇಳಿಸ್ತಮ್ಮಾ."

"ಸರಿ, ನಡಿ ರೂಮಿಗೆ. ಇನ್ನೂ ಹದಿಮೂರು ದಿನ ಐತೆ."

ಒಂದು ದಿನವನ್ನೂ ಅವಳು ಬಿಟ್ಟುಕೊಡಲಿಲ್ಲ. ಆಮೇಲೆ ಬೀಗ ತೆಗೆದರು. ಎರಡನೇ ಅಲೆ ಬಂದು ಗೊತ್ತಿದ್ದವರನ್ನು ಕೊಂಡೊಯ್ದಿತು. ಲಸಿಕೆ ಬಂತು; ಮಾಸ್ಕು ಗಲ್ಲಕ್ಕಿಳಿದು, ಅಲ್ಲಿಂದ ಜೇಬಿಗಿಳಿದು ಕಾಣೆಯಾಯಿತು.

ಇವತ್ತು ನಲ್ಲಿಯಿಂದ ಬಂದವನೇ ತಂಗಿಗೆ ಫೋನ್ ಮಾಡಿದೆ. "ತಿಂತಾವಾ?" ಎಂದೆ. ಅವಳು ಫೋನನ್ನು ಹುಳುಗಳ ಹತ್ತಿರ ಹಿಡಿದಳು. ಕೇಳುತ್ತ ಕೂತೆ. ವ್ಯಾಯಾಮಕ್ಕೆ ಹದಿನೈದು ನಿಮಿಷ ತಡವಾಯಿತು.