‘ಅಕ್ಕ ಬಂದಿಲ್ವಾ?’ ಎಂದು ಕೇಳುವ ಅಂಗಡಿ

ಬೆಳಿಗ್ಗೆ ಐದೂವರೆ. ಟಿ. ದಾಸರಹಳ್ಳಿಯಿಂದ ಬಾಗಲಗುಂಟೆಗೆ ತಿರುಗುವ ರಸ್ತೆಯಲ್ಲಿ ಮುನಿಕೃಷ್ಣ ತಮ್ಮ ಬೈಕ್ ವೈರಿಂಗ್ ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಮೂರು ಬೈಕ್‌ಗಳು ಕಾಯುತ್ತಿವೆ. ಸ್ಟಾರ್ಟ್ ಆಗದ ಗಾಡಿ ತಳ್ಳಿಕೊಂಡು ಬಂದವರ ಬೆನ್ನು ಬೆವರಿಗೆ ಒದ್ದೆಯಾಗಿದೆ. ಆರಕ್ಕೆ ಪೀಣ್ಯದ ಕಾರ್ಖಾನೆಗಳಲ್ಲಿ ಮೊದಲ ಶಿಫ್ಟು. ಮುನಿಕೃಷ್ಣ ಸೀಟು ಬಿಚ್ಚಿ ಬ್ಯಾಟರಿಗೆ ಮೀಟರ್ ಹಿಡಿಯುತ್ತಾರೆ. ಗಿರಾಕಿ ಮಾತ್ರ ಅವರ ಹೆಗಲ ಮೇಲಿಂದ ಒಳಗೆ ಇಣುಕುತ್ತಾನೆ.

“ಅಕ್ಕ ಬಂದಿಲ್ವಾ ಅಣ್ಣ?”

ಅಕ್ಕ ಎಂದರೆ ಅವರ ಹೆಂಡತಿ ಅಂಜಿನಮ್ಮ. ದಿನಕ್ಕೆ ಹನ್ನೆರಡು, ಹದಿಮೂರು ಗಾಡಿ ಬಂದರೆ ಅರ್ಧದಷ್ಟು ಮಂದಿ ಕೇಳುವುದು ಅವರನ್ನೇ. “ಹೊಟ್ಟೆ ಉರೀತದೆ ಸಾರ್, ಸುಳ್ಳು ಯಾಕೆ ಹೇಳ್ಲಿ? ನಾನು ಇಲ್ಲಿ ಕೂತು ಇಪ್ಪತ್ತೆರಡು ವರ್ಷ. ಅವಳು ಬಂದು ಆರು,” ಎನ್ನುತ್ತಾರೆ ಮುನಿಕೃಷ್ಣ. ಅವರಿಗೀಗ ಐವತ್ತಾರು.

ಅವರು ಕೆಲಸ ಕಲಿತದ್ದು ಯಶವಂತಪುರದಲ್ಲಿ, ಲಾರಿಗಳ ವೈರಿಂಗ್ ಮಾಡುವವರೊಬ್ಬರ ಕೈಕೆಳಗೆ, ಬೈಸಿಕೊಂಡು, ಕೈ ಸುಟ್ಟುಕೊಂಡು. ಅಂಜಿನಮ್ಮ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಮೋಟಾರಿಗೆ ತಂತಿ ಸುತ್ತಿದವರು. ಕಾರ್ಖಾನೆ ಮುಚ್ಚಿದಾಗ ಮನೆಯಲ್ಲಿ ಕೂರಲಾರದೆ ಅಂಗಡಿಗೆ ಬಂದರು. ಮೊದಲ ವರ್ಷ ಸ್ಪ್ಯಾನರ್ ಎತ್ತಿಕೊಟ್ಟರು. ಎರಡನೆಯ ವರ್ಷ ಗಂಡ ಕೈಬಿಟ್ಟ ಗಾಡಿಯೊಂದರ ಲೈಟು ಹತ್ತಿಸಿದರು. ಅಲ್ಲಿಂದ ಶುರುವಾಯಿತು ಈ ಉರಿ.

ಒಮ್ಮೆ ಹೆಂಡತಿ ಒಳಗೆ ಕಾಫಿ ಕುಡಿಯುತ್ತಿದ್ದಾಗಲೇ “ಊರಿಗೆ ಹೋಗವ್ಳೆ” ಎಂದು ಗಿರಾಕಿಗೆ ಹೇಳಿ ತಾವೇ ಗಾಡಿ ಬಿಚ್ಚಿ ಕೂತಿದ್ದರು. ಎರಡು ಗಂಟೆಯಾದರೂ ಇಂಡಿಕೇಟರ್ ಮಿನುಗಲಿಲ್ಲ. ಕೊನೆಗೆ ಒಳಗಿನಿಂದಲೇ ದನಿ ಬಂತು: “ಹ್ಯಾಂಡಲ್ ತಿರುಗ್ಸಿ ನೋಡ್ರೀ, ಅಲ್ಲಿ ವೈರು ಸವೆದಿರ್ತದೆ.” ಸವೆದಿತ್ತು.

ಕಳೆದ ಮಳೆಗಾಲದಲ್ಲಿ ನಡೆದದ್ದನ್ನು ಹೇಳುವಾಗ ಮಾತ್ರ ಮುನಿಕೃಷ್ಣ ಕೈಯಲ್ಲಿದ್ದ ಕೆಲಸ ಕೆಳಗಿಡುತ್ತಾರೆ. ಲೇತ್ ಕೆಲಸದ ರಾಜೇಂದ್ರ ಎಂಬವರ ಬೈಕು ಪದೇ ಪದೇ ಕೈಕೊಡುತ್ತಿತ್ತು. ಎಂಜಿನ್ ಓಡುವಾಗ ಮೀಟರ್ ಹದಿನಾಲ್ಕು ವೋಲ್ಟ್ ತೋರಿಸಿತು. ಚಾರ್ಜ್ ಸರಿಯಾಗಿಯೇ ಆಗುತ್ತಿದೆ, ಹಾಗಾದರೆ ಬ್ಯಾಟರಿಯೇ ಹೋಗಿದೆ ಎಂದು ಮುನಿಕೃಷ್ಣ ಹೊಸದು ಹಾಕಿದರು. ಅದೂ ಸತ್ತಿತು. ಅಷ್ಟರಲ್ಲಿ ರಾಜೇಂದ್ರ ಮೂರು ಸಲ ತಡವಾಗಿ ಹೋಗಿದ್ದರು. “ಇವತ್ತು ಗೇಟ್ ಒಳಗೇ ಬಿಡ್ಲಿಲ್ಲ ಅಣ್ಣ. ನಾಳೆಯಿಂದ ಬರ್ಬೇಡ ಅಂದ್ರು,” ಎನ್ನುತ್ತಾ ಗಾಡಿ ತಳ್ಳಿಕೊಂಡು ಬಂದರು.

ಅಂಜಿನಮ್ಮ ಮೀಟರ್ ಮುಟ್ಟಲಿಲ್ಲ. “ಯಾವ ವಾರ ಕೆಡೋದು?” ಎಂದಷ್ಟೇ ಕೇಳಿದರು.

ರಾಜೇಂದ್ರ ಯೋಚಿಸಿದರು. “ಸೋಮವಾರ ಅಕ್ಕ. ಪ್ರತಿ ಸಲ ಸೋಮವಾರವೇ.”

“ಭಾನುವಾರ ಗಾಡಿ ತೆಗಿಯಲ್ವಾ?”

“ಇಲ್ಲ.”

“ಅಂಗಾದ್ರೆ ನಿಂತಿದ್ದಾಗ ಏನೋ ಕರೆಂಟ್ ತಿಂತಾ ಐತೆ.”

ಹ್ಯಾಂಡಲ್ಲಿಗೆ ಕೂರಿಸಿದ್ದ ಮೊಬೈಲ್ ಚಾರ್ಜರಿನ ವೈರು ಹಿಡಿದು ಅವರು ಟ್ಯಾಂಕಿನ ಅಡಿಗೆ ಹೋದರು. ಕೀ ಹಾಕಿದಾಗ ಮಾತ್ರ ಕರೆಂಟ್ ಬರುವಂತೆ ಜೋಡಿಸಬೇಕಿದ್ದ ವೈರನ್ನು ಯಾರೋ ನೇರವಾಗಿ ಬ್ಯಾಟರಿಗೇ ಕೊಟ್ಟಿದ್ದರು. ಚಾರ್ಜರಿನೊಳಗೆ ಮಳೆನೀರು ಇಳಿದು, ನಿಂತ ಗಾಡಿಯಿಂದಲೂ ಕರೆಂಟ್ ಸೋರುತ್ತಿತ್ತು. ಜೋಡಣೆಗೆ ಸುತ್ತಿದ್ದ ಟೇಪನ್ನು ನೋಡಿದ ಅಂಜಿನಮ್ಮ ತಲೆಯೆತ್ತಿ ಗಂಡನ ಮುಖ ನೋಡಿದರು. ಹಾಗೆ ತುದಿ ಮಡಚಿ ಸುತ್ತುವುದು ಆ ರಸ್ತೆಯಲ್ಲಿ ಒಬ್ಬರೇ. ಹಿಂದಿನ ಆಯುಧಪೂಜೆಯ ಗದ್ದಲದಲ್ಲಿ ಅವಸರಕ್ಕೆ ಮಾಡಿದ ಕೆಲಸ.

“ಮಳೆನೀರು ಸೇರ್ಕೊಂಡೈತೆ ರಾಜೇಂದ್ರ, ಸರಿ ಮಾಡ್ಕೊಡ್ತೀನಿ,” ಎಂದಷ್ಟೇ ಅಂದು ಅಂಜಿನಮ್ಮ ಟೇಪ್ ಬಿಚ್ಚಿ ಎಸೆದರು.

“ಅವಳು ಕಂಡುಹಿಡಿದಿದ್ದಕ್ಕೆ ಉರೀತು, ನಿಜ. ನನ್ನ ಮಾನ ಉಳಿಸಿದ್ಲಲ್ಲ, ಅದಕ್ಕೆ ಇನ್ನೂ ಜಾಸ್ತಿ ಉರೀತು,” ಎನ್ನುತ್ತಾರೆ ಮುನಿಕೃಷ್ಣ. “ಅದ್ರಲ್ಲೂ ಅವಳೇ ಗೆದ್ಲಲ್ಲ ಸಾರ್!”

ಆ ಉರಿಯಲ್ಲೇ ಬಾಯಿ ಬಿಟ್ಟರು. “ತಪ್ಪಾಗಿ ಹಾಕಿದ್ದು ನಾನೇ ಕಣಪ್ಪ.” ಸರಿಯಾದ ಬೈಕನ್ನು ರಾಜೇಂದ್ರ ಸ್ಟಾರ್ಟ್ ಮಾಡಿದರು. ಮುನಿಕೃಷ್ಣ ಅವರ ಹಿಂದೆ ಕೂತು ಕಾರ್ಖಾನೆಯ ಗೇಟಿಗೇ ಹೋದರು. ಸೂಪರ್‌ವೈಸರ್ ಹೊರಗೆ ಬರುವವರೆಗೆ ಒಂದು ಗಂಟೆ ಕಾದು, ಮೂರು ಸೋಮವಾರದ ತಪ್ಪೂ ತಮ್ಮದೆಂದರು. ಮೆಕ್ಯಾನಿಕ್ ಒಬ್ಬ ತಾನಾಗಿ ಬಂದು ತಪ್ಪೊಪ್ಪಿಕೊಂಡದ್ದನ್ನು ಸೂಪರ್‌ವೈಸರ್ ಅದುವರೆಗೆ ಕಂಡಿರಲಿಲ್ಲವಂತೆ; ರಾಜೇಂದ್ರರನ್ನು ಒಳಗೆ ಬಿಟ್ಟರು. ರಾಜೇಂದ್ರ ಇಂದಿಗೂ ಅಲ್ಲೇ ಕೆಲಸದಲ್ಲಿದ್ದಾರೆ. ಗಾಡಿ ಕೆಟ್ಟರೆ ಈಗಲೂ ಅಕ್ಕನನ್ನೇ ಕೇಳುತ್ತಾರೆ.

ಉರಿ ಈಗ ಕಡಿಮೆಯಾಗಿದೆಯೇ? ಮುನಿಕೃಷ್ಣ ಇಲ್ಲವೆಂದು ತಲೆಯಾಡಿಸುತ್ತಾರೆ. ಅಂಜಿನಮ್ಮ ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಯಾರದೋ ಸ್ಕೂಟರಿನ ಹಾರನ್ ಬಿಚ್ಚುತ್ತಿದ್ದಾರೆ. ಸುತ್ತ ನಾಲ್ಕು ಜನ ನಿಂತಿದ್ದಾರೆ. ಅತ್ತ ನೋಡುತ್ತಲೇ ಮುನಿಕೃಷ್ಣ ದನಿ ತಗ್ಗಿಸುತ್ತಾರೆ.

“ನಂದು ಒಂದೇ ಆಸೆ ಸಾರ್. ಅವಳಿಗೆ ಸಿಗದೇ ಇರೋ ಫಾಲ್ಟು ಒಂದು ಗಾಡೀಲಿ ಬರ್ಬೇಕು. ನಾನು ಕಂಡುಹಿಡೀಬೇಕು. ಅವಳು ಪಕ್ಕದಲ್ಲೇ ನಿಂತು ನೋಡ್ತಾ ಇರ್ಬೇಕು.”