ಕಚ್ಚಿ ನೋಡುವ ದತ್ತಪ್ಪ

ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ತೊಗರಿ ಪರೀಕ್ಷಿಸಿ ಕೊಳ್ಳುವ ಕೆಲಸ ದತ್ತಪ್ಪನದು. ಲಾರಿ ಬಂದು ನಿಂತರೆ ಚೀಲದೊಳಗೆ ಕೈ ಹಾಕಿ ನಾಲ್ಕು ಕಾಳು ತೆಗೆದು ದವಡೆಯಲ್ಲಿಟ್ಟು ಕಚ್ಚುತ್ತಿದ್ದ. ಟಕ್ಕನೆ ಒಡೆದರೆ ಒಣಗಿದ ಮಾಲು, ಮೆತ್ತಗೆ ಮುರಿದರೆ ಹಸಿ. ದಲ್ಲಾಳಿ ತನ್ನ ಮಕ್ಕಳ ಮೇಲೆ ಆಣೆ ಮಾಡಿದರೂ ಅಷ್ಟೇ, ದತ್ತಪ್ಪನ ದವಡೆ ಒಪ್ಪದ ಲಾರಿ ವಾಪಸ್ಸು ಹೋಗಬೇಕು. ವರ್ಷಗಟ್ಟಲೆ ಹೀಗೆ ಕಚ್ಚಿ ಕಚ್ಚಿ, ಲೋಕದ ಯಾವ ಮಾತನ್ನೂ ಕಚ್ಚದೆ ನುಂಗುವುದು ಅವನಿಗೆ ಆಗದ ಕೆಲಸವಾಗಿತ್ತು.

ಶಹಾಬಜಾರ ಓಣಿಯಲ್ಲಿ ಅವನ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ನಾನು ಅವನಿಗೆ ಪೂರ್ತಿ ಉಲ್ಟಾ. ಪೇಪರಿನಲ್ಲಿ ಬಂದದ್ದೆಲ್ಲ ನನಗೆ ನಿಜ, ಜಾಹೀರಾತೂ ಸೇರಿ. ಕೂದಲು ಬೆಳೆಸುವ ಎಷ್ಟು ಎಣ್ಣೆಗಳನ್ನು ನಂಬಿದ್ದೇನೆ ಎಂಬುದನ್ನು ನನ್ನ ತಲೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಪೇಪರ್ ಹಿಡಿದು ಕಟ್ಟೆಗೆ ಬಂದರೆ ನಮ್ಮಿಬ್ಬರ ಮಾತು ಹೀಗೆ ಶುರುವಾಗುತ್ತಿತ್ತು:

"ದತ್ತಪ್ಪಾ, ಬೇವಿನ ಗಿಡದಾಗ ಹಾಲು ಸುರೀಲಿಕತ್ತದಂತ!"

"ಯಾವೂರಾಗ?"

"ಊರಿನ ಹೆಸರು ಹಾಕಿಲ್ಲ."

"ಯಾರು ಕುಡದು ನೋಡ್ಯಾರ?"

"ಭಕ್ತರು."

"ಭಕ್ತರ ಹೆಸರು?"

"ಅದೂ ಹಾಕಿಲ್ಲ."

"ಗಿಡದ ಹೆಸರಾದ್ರೂ ಹಾಕ್ಯಾರಲ್ಲ, ಪುಣ್ಯಾ!"

ಗಣಪತಿ ಹಾಲು ಕುಡಿಯುತ್ತಾನೆಂದು ತೊಂಬತ್ತೈದರಲ್ಲಿ ದೇಶವೆಲ್ಲ ಚಮಚ ಹಿಡಿದು ಸಾಲುಗಟ್ಟಿ ನಿಂತಿತಲ್ಲ, ಅವತ್ತು ನಾನೂ ಸಾಲಿನಲ್ಲಿದ್ದೆ. ದತ್ತಪ್ಪ ಮಾತ್ರ ಮಿಲ್ಲಿನಲ್ಲಿ ಹಮಾಲರನ್ನೆಲ್ಲ ಕೂಡಿಸಿ, ತೂಕದ ಕಲ್ಲೊಂದನ್ನು ನಡುವೆ ಇಟ್ಟು, ಅದರ ಅಂಚಿಗೆ ಹಾಲಿನ ಚಮಚ ಹಿಡಿದ. ಹಾಲು ಮೆಲ್ಲಗೆ ಇಳಿದುಹೋಯಿತು. "ನೋಡ್ರಿ, ತೂಕದ ಕಲ್ಲೂ ಕುಡೀತದ. ಇದರಾಗ ದೇವರದು ಏನೂ ಕೆಲಸಿಲ್ಲ" ಎಂದು ಹೇಳಿ ಊಟಕ್ಕೆ ಹೋದ. ಸಂಜೆ ಬಂದು ನೋಡಿದರೆ ಕಲ್ಲಿಗೆ ಕುಂಕುಮ ಏರಿತ್ತು, ಮುಂದೆ ತೆಂಗಿನಕಾಯಿ ಒಡೆದಿತ್ತು. "ದತ್ತಪ್ಪಣ್ಣಾರ ಕೈಲೇ ಕುಡದದ್ರೀ, ಅದೂ ಯಾವುದನ್ನೂ ನಂಬದಿರೋ ಮನಿಷ್ಯಾನ ಕೈಲೇ!" ಎಂದು ಹಮಾಲರು ಕೈ ಮುಗಿದರು. ಆ ಕಲ್ಲನ್ನು ಮತ್ತೆ ತಕ್ಕಡಿಗೆ ಏರಿಸಲು ಯಾರೂ ಒಪ್ಪಲಿಲ್ಲ. ಸಾಹುಕಾರರು ಬೇರೆ ಕಲ್ಲು ತರಿಸಿ, ದತ್ತಪ್ಪನಿಗೆ ಇನ್ನು ಮುಂದೆ ತೊಗರಿಯನ್ನು ಮಾತ್ರ ಪರೀಕ್ಷೆ ಮಾಡಲು ಹೇಳಿದರು.

ಆಮೇಲೆ ಇಂಟರ್‌ನೆಟ್ ಬಂತು. ಎರಡು ಸಾವಿರದ ಆರು-ಏಳರ ಹೊತ್ತಿಗೆ ಜಗತ್ ಚೌಕದ ಕಡೆ ಮಕ್ಬೂಲನ ನೆಟ್ ಸೆಂಟರ್ ಇತ್ತು. ದತ್ತಪ್ಪ ಡ್ಯೂಟಿ ಮುಗಿಸಿ ಅಲ್ಲಿ ಹೋಗಿ ಕೂಡುವುದನ್ನು ಕಲಿತ. ನಮ್ಮೂರಿನವರದೇ ಒಂದು ಬಳಗ ನೆಟ್ಟಿನಲ್ಲಿತ್ತು. ಯಾರೋ ಒಬ್ಬರು ಒಂದು ಸುದ್ದಿ ಹಾಕುವುದು, ಉಳಿದವರು ಅದರ ಕೆಳಗೆ ಬರೆಯುವುದು. ನಾಗರ ಹಾವಿನ ತಲೆಯಲ್ಲಿ ಮಣಿ, ಹನ್ನೊಂದು ಮಂದಿಗೆ ಕಳಿಸದಿದ್ದರೆ ಅನಾಹುತ, ಕೋಟೆಯ ತೋಪಿನ ಬಾಯೊಳಗಿಂದ ಕುದುರೆಯ ಸಪ್ಪಳ. ದತ್ತಪ್ಪ ಒಂದೇ ಬೆರಳಿನಲ್ಲಿ ಕುಟ್ಟಿ ಎಲ್ಲದರ ಕೆಳಗೂ ಅದದೇ ಪ್ರಶ್ನೆ ಬರೆಯುತ್ತಿದ್ದ: "ನೀವು ಸ್ವತಃ ನೋಡಿದ್ದೀರಾ?" ಯಾರೂ ಉತ್ತರ ಕೊಡುತ್ತಿರಲಿಲ್ಲ. ಅವನಿಗೆ ಬೇಸರವೂ ಆಗುತ್ತಿರಲಿಲ್ಲ.

ಅವನ ಅಕ್ಕ ಸೂಗಮ್ಮ ಇದ್ದದ್ದು ಕಮಲಾಪುರದಲ್ಲಿ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಬಹಳ ದಿನದಿಂದ ಸಕ್ಕರೆ ಕಾಯಿಲೆ ಇತ್ತು. ಒಂದು ಭಾನುವಾರ ದತ್ತಪ್ಪ ಹೋದಾಗ ಅವಳ ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಚಪ್ಪಲಿ ಕಚ್ಚಿದ ಗಾಯ. ಬಿಚ್ಚಿ ನೋಡಿದರೆ ಕಪ್ಪಾಗಿತ್ತು.

"ಗುಳಿಗಿ ತಗೋಳ್ಳಿಕತ್ತೀಯಿಲ್ಲೋ ಅಕ್ಕಾ?"

"ಬಿಟ್ಟೀನಿ. ಈಗ ಹಣ್ಣು ತಿಂತೀನಿ." ಗೋಡೆಯ ಗೂಡಿನಲ್ಲಿದ್ದ ಎರಡು ಕೆಂಪು ಬಾಳೆಹಣ್ಣು ತೋರಿಸಿದಳು. "ಮುಂಜಾನೆ ಒಂದು, ಸಂಜೀಕ ಒಂದು. ಸಕ್ಕರಿ ಇಳೀತದಂತ. ನೆಟ್ಟಿನಾಗ ಬಂದದಂತ."

"ಸಕ್ಕರಿ ಇದ್ದವರು ಬಾಳೆಹಣ್ಣು ತಿಂದ್ರ ಏರ್ತದಬೇ, ಇಳಿಯಂಗಿಲ್ಲ!"

"ಅದು ಹಳದಿ ಹಣ್ಣು. ಇದು ನಮ್ಮೂರ ಹಣ್ಣೋ ತಮ್ಮಾ! ಹೊರಗಿನ ಮಂದಿ ಬಂದು ತಿಂದು ನೆಟ್ಟಗಾಗ್ತಾರ, ಊರವ್ರು ನಾವು ಬಿಡಬೇಕೇನು?"

ಕಮಲಾಪುರದವರಿಗೆ ತಮ್ಮ ಕೆಂಪು ಬಾಳೆಯ ಮೇಲೆ ಎಷ್ಟು ಅಭಿಮಾನವೆಂದರೆ, ಅದು ಸಕ್ಕರೆ ಇಳಿಸುತ್ತದೆಂದು ಕೇಳಿ ಯಾರಿಗೂ ಆಶ್ಚರ್ಯವಾಗಿರಲಿಲ್ಲ. ಇಷ್ಟು ತಡವಾಗಿ ಗೊತ್ತಾಯಿತಲ್ಲ ಎಂಬುದೊಂದೇ ಅವರಿಗೆ ಆಶ್ಚರ್ಯ.

ದತ್ತಪ್ಪ ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದ. ಅಲ್ಲಿ ಅಂಬಣ್ಣನೆಂಬವನ ಹಣ್ಣಿನ ಬಂಡಿಗೆ ಪ್ಲಾಸ್ಟಿಕ್ ಹೊದಿಸಿದ ಕಾಗದವೊಂದು ತೂಗುತ್ತಿತ್ತು. ನಮ್ಮ ಬಳಗದಲ್ಲಿ ಯಾರೋ ಹಾಕಿದ್ದ ಬರಹದ ಪ್ರಿಂಟು. ಯಾವುದೋ ಊರಿನ ಮಾಸ್ತರರೊಬ್ಬರು ಈ ಹಣ್ಣು ತಿಂದು ಗುಳಿಗೆ ಬಿಟ್ಟರಂತೆ.

"ಈ ಮಾಸ್ತರ್ ಯಾರಪಾ?"

"ನೆಟ್ಟಿನವರಿಗೆ ಗೊತ್ರೀ."

"ನಿನಗ?"

"ನನಗ ಹಣ್ಣು ಗೊತ್ತು. ತಿಂದು ನೋಡ್ರಿ." ಅಂಬಣ್ಣ ಒಂದು ಹಣ್ಣು ಸುಲಿದು ಕೈಗೆ ಕೊಟ್ಟ.

ಕೈಗೆ ಬಂದದ್ದನ್ನು ಕಚ್ಚದೆ ಇರುವುದು ದತ್ತಪ್ಪನ ಜಾತಕದಲ್ಲಿ ಇರಲಿಲ್ಲ. ಕಚ್ಚಿದ. ಅನ್ಯಾಯ ಮಾಡುವ ಮನುಷ್ಯನೂ ಅಲ್ಲ, "ಹಣ್ಣು ಚಲೋ ಅದ, ಆದ್ರ..." ಎಂದ. 'ಆದ್ರ' ಎಂಬುದರ ಮುಂದೆ ಬಹಳ ಹೇಳಿದನಂತೆ. ಆದರೆ ಪಕ್ಕದಲ್ಲಿ ನಿಂತು ಫೋಟೋ ಹೊಡೆದವನ ಮೊಬೈಲಿನಲ್ಲಿ ಇದ್ದದ್ದು ಕ್ಯಾಮರಾ ಮಾತ್ರ.

ಮುಂದಿನ ಭಾನುವಾರ ಅವನು ನನ್ನನ್ನೂ ಕರೆದುಕೊಂಡು ಹೋದ. ಅಕ್ಕನನ್ನು ದವಾಖಾನೆಗೆ ಬರಲು ಒಪ್ಪಿಸಲು ಇಬ್ಬರಾದರೆ ಬಲ ಬರುತ್ತದೆಂದು. ಅವಳ ಗೋಡೆಯ ಮೇಲೆ ಹೊಸ ಕಾಗದವೊಂದನ್ನು ಅಂಟಿಸಿತ್ತು. ಅದರಲ್ಲಿ ದತ್ತಪ್ಪ, ಬಾಯಲ್ಲಿ ಬಾಳೆಹಣ್ಣು. ಕೆಳಗೆ, "ಯಾವುದನ್ನೂ ನಂಬದ ನಂದೂರಿನ ದತ್ತಪ್ಪನವರೇ ಬಂದು ತಿಂದು ನೋಡಿ ಚಲೋ ಅದ ಎಂದರು." ನಾನು ಎರಡು ಸಲ ಓದಿದೆ. ಒಂದಕ್ಷರವೂ ಸುಳ್ಳಿರಲಿಲ್ಲ.

"ನೀನ ತಿಂದು ಬಂದು ನನಗ ಬ್ಯಾಡಂತೀಯೇನೋ?" ಎಂದಳು ಸೂಗಮ್ಮ.

"ನಾ ರುಚಿ ನೋಡೀನಬೇ, ಔಷಧ ಅಂತ ತಿಂದಿಲ್ಲ!"

"ಹಸಿ ತೊಗರಿ ಇದ್ರ ನೀ ಚಲೋ ಅದ ಅಂತಿದ್ದೇನು?"

ದತ್ತಪ್ಪ ನನ್ನ ಕಡೆ ನೋಡಿದ. ನಾನು ಟೋಪಿ ತೆಗೆದು ತಲೆ ತೋರಿಸಿದೆ. "ಅಕ್ಕಾರ, ಪೇಪರಿನ ಮಾತು ನಂಬಿ ಎಣ್ಣಿ ಹಚ್ಚಿ ನನ್ನ ಗತಿ ಏನಾಗ್ಯದ ನೋಡ್ರಿ."

ಆಕೆ ನನ್ನ ತಲೆಯನ್ನು ಆಸ್ಥೆಯಿಂದ ನೋಡಿದಳು. "ಬೇರಿಗಿ ಇಳಿಯಂಗ ತಿಕ್ಕಿಲ್ಲ ನೀವು" ಎಂದಳು.

ಕಾಲಿನ ಕಪ್ಪು ಬಣ್ಣ ಬೆರಳಿನಿಂದ ಪಾದಕ್ಕೆ ಹಬ್ಬಿತ್ತು. ನೋವಿಲ್ಲವೆಂದು ಅವಳು ಸಂತೋಷದಿಂದ ಹೇಳಿದಳು. ನೋವಿಲ್ಲದಿರುವುದೇ ಅಪಾಯವೆಂದು ದತ್ತಪ್ಪ ಹೇಳಿದ್ದು ಅವಳಿಗೆ ಹೊಟ್ಟೆಕಿಚ್ಚಿನ ಮಾತಾಗಿ ಕೇಳಿಸಿತು.

ಅಂದು ಸಂಜೆಯಿಂದ ದತ್ತಪ್ಪ ಮಕ್ಬೂಲನ ಅಂಗಡಿಯಲ್ಲೇ ಠಿಕಾಣಿ ಹೂಡಿದ. ಬಳಗದಲ್ಲೂ ಅದೇ ಫೋಟೋ ಇತ್ತು, ಅದನ್ನು ತೆಗೆದುಹಾಕಿರಿ ಎಂದು ಬರೆದ. ನಾನು ರುಚಿ ಮಾತ್ರ ನೋಡಿದ್ದು ಎಂದು ಬರೆದ. ನನ್ನ ಅಕ್ಕನ ಕಾಲು ಹೋಗುತ್ತಿದೆ ಎಂದು ಬರೆದ. ಈ ಸಲ ಉತ್ತರಗಳು ಬಂದವು: "ಗುಳಿಗೆ ಕಂಪನಿಯವರು ನಿಮಗೇನು ಕೊಟ್ಟರು?" "ನಿಮ್ಮಕ್ಕ ತಿಂದದ್ದು ಬೇರೆ ಊರಿನ ಹಣ್ಣಿರಬೇಕು." ಒಬ್ಬ ಬರೀ ನಗುವ ಮುಖ ಹಾಕಿದ್ದ. ದತ್ತಪ್ಪ ಎಲ್ಲರಿಗೂ ಉತ್ತರಿಸಿದ, ನಗುವ ಮುಖಕ್ಕೂ.

ಕಡೆಗೆ ಮಕ್ಬೂಲ್ ತನ್ನ ಕುರ್ಚಿ ಎಳೆದುಕೊಂಡು ಅವನ ಬಾಜೂ ಕೂತ.

"ದತ್ತಪ್ಪ ಸಾಬ್, ನೀವು ಬರಿಯೋದು ಬಂದ್ ಮಾಡ್ರಿ."

"ಯಾಕ? ಸುಳ್ಳಿಗಿ ಸುಳ್ಳು ಅನಬಾರದೇನು?"

"ಅರೆ, ಸಮಝೋ ಸಾಬ್. ಯಾರರೆ ಕೆಳಗ ಬರದ್ರ ಆ ಸುದ್ದಿ ಎಲ್ಲಾದಕಿಂತ ಮ್ಯಾಲ ಬರ್ತದ. ಹಾವಿನ ಸುದ್ದಿ, ಕುದುರಿ ಸುದ್ದಿ ಎಲ್ಲಾ ಕೆಳಗ ಮುಳುಗಿ ಹೋದವು. ಬಾಳೆಹಣ್ಣಿಂದು ಯಾಕ ಮುಳುಗವಲ್ದು? ನೋಡ್ರಿ, ಇವತ್ತು ಮ್ಯಾಲ ತಂದವರು ಯಾರು? ನೀವು. ನಿನ್ನಿ? ನೀವು. ಮೊನ್ನಿ? ನೀವಽ."

ದತ್ತಪ್ಪ ಪರದೆಯನ್ನು ನೋಡುತ್ತ ಕೂತ. ಮೇಲಿನ ಸಾಲಿನಲ್ಲಿ ಅವನದೇ ಹೆಸರಿತ್ತು.

"ಹಂಗಾದ್ರ ಸುಮ್ಮ ಕೂಡಬೇಕೇನು ಮಕ್ಬೂಲ್?"

"ಸುಮ್ಮ ಕೂಡ್ರಿ ಸಾಬ್. ತಾನೇ ಮುಳುಗ್ತದ."

ಸುಮ್ಮನೆ ಕೂತ. ನಿಜಕ್ಕೂ ಆ ಸುದ್ದಿ ಮೆಲ್ಲಗೆ ಇಳಿಯಿತು. ಅದು ಹಿಂದಿನ ಪುಟಕ್ಕೆ ಸರಿಯುವ ಹೊತ್ತಿಗೆ ಕಮಲಾಪುರದಿಂದ ಫೋನ್ ಬಂತು, ಅಕ್ಕನಿಗೆ ಎಚ್ಚರವಿಲ್ಲವೆಂದು. ಜೀಪಿನಲ್ಲಿ ಹಾಕಿಕೊಂಡು ಬಂದೆವು. ದವಾಖಾನೆಯಲ್ಲಿ ಪ್ರಾಣ ಉಳಿಸಿದರು, ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಈಗ ಸೂಗಮ್ಮ ತಮ್ಮನ ಮನೆಯಲ್ಲೇ ಇದ್ದಾಳೆ. ದಿನಾ ಬೆಳಗ್ಗೆ ಇನ್ಸುಲಿನ್ ಕೊಡಬೇಕು. ಚುಚ್ಚುವುದನ್ನು ದತ್ತಪ್ಪ ನರ್ಸಮ್ಮನಿಂದ ಕಲಿತುಕೊಂಡ. ಮನೆಗೆ ಬಂದ ಮೊದಲ ದಿನ ಅಕ್ಕ ಹೇಳಿದಳು: "ಹಣ್ಣು ತಿಂದಿದ್ದಕ್ಕ ಒಂದು ಕಾಲಾದ್ರೂ ಉಳೀತು ನೋಡು ತಮ್ಮಾ. ಇಲ್ಲಂದ್ರ ಎರಡೂ ಹೋಗ್ತಿದ್ದವು."

ದತ್ತಪ್ಪನಿಗೆ ತಡೆಯಲಾಗಲಿಲ್ಲ. ತಿಳಿಸಿ ಹೇಳಿದ, ಕೂಗಿ ಹೇಳಿದ, ಅತ್ತು ಹೇಳಿದ. ಗೋಡೆಯ ಈಚೆ ನನಗೆ ಎಲ್ಲ ಕೇಳುತ್ತಿತ್ತು. ಅಕ್ಕ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆವತ್ತು ಸೂಜಿ ಮುಟ್ಟಿಸಿಕೊಳ್ಳಲಿಲ್ಲ. ಮರುದಿನವೂ ಇಲ್ಲ. ಮತ್ತೆ ದವಾಖಾನೆಗೆ ಹೊತ್ತುಕೊಂಡು ಹೋಗಬೇಕಾಯಿತು.

ಕಟ್ಟೆಯ ಮೇಲೆ ನಾನು ಈಗಲೂ ಪೇಪರ್ ಓದುತ್ತೇನೆ. ಎಲ್ಲೋ ಎರಡು ತಲೆಯ ಕರು ಹುಟ್ಟಿ ಮಾತಾಡಿತಂತೆ ಎಂದೆ ಮೊನ್ನೆ. ಯಾವೂರಾಗ ಎಂದು ಕೇಳುತ್ತಾನೇನೋ ಎಂದು ಕಾದೆ. "ಇರಬಹುದ್ರೀ" ಎಂದ. ನನ್ನಂಥ ಎಲ್ಲ ನಂಬುವವನಿಗೂ ಆ ಕರುವಿನ ಸುದ್ದಿ ಮುಂದೆ ಓದುವ ಮನಸ್ಸಾಗಲಿಲ್ಲ.

ಇಂದು ಬೆಳಗ್ಗೆಯೂ ಗೋಡೆಯಾಚೆಯಿಂದ ಕೇಳಿಸಿತು.

"ಹಣ್ಣಿನಿಂದನ ಈ ಕಾಲು ಉಳೀತು. ಹೌದೋ ಅಲ್ಲೋ?"

"ಹೌದಕ್ಕಾ."

"ಮನಸಿಲೆ ಹೇಳು."

ಸೂಜಿಯ ಡಬ್ಬಿ ತೆರೆದ ಸಪ್ಪಳ ಕೇಳಿಸಿತು.

"ಖರೇನ, ಅಕ್ಕಾ. ಹಣ್ಣಿನಿಂದನ. ತೋಳು ಚಾಚು."