ಮುಹೂರ್ತಕ್ಕೆ ಮುಂಚೆ ಹೀಟರ್

ಹೆಣ್ಣಿನ ಸೋದರಮಾವನನ್ನು ಬಂಗಾರಪೇಟೆಯ ಛತ್ರಕ್ಕೆ ಮುಟ್ಟಿಸುವ ಬಾಡಿಗೆ. ಹೆಣ್ಣನ್ನು ಹಸೆಮಣೆಗೆ ಎತ್ತಿಕೊಂಡು ಬರಬೇಕಾದವರು ಅವರೇ. ರಾಬರ್ಟ್‌ಸನ್‌ಪೇಟೆ ದಾಟುತ್ತಿದ್ದಂತೆ ನನ್ನ ಕಾರಿನ ಬಾನೆಟ್ಟಿನಿಂದ ಆವಿ ಎದ್ದಿತು.

ಮಾವ ಇಳಿದವರೇ ರೇಷ್ಮೆ ಶಲ್ಯ ಕೈಗೆ ಸುತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದರು. ನಾನು ಹಿಡಿದೆಳೆದೆ.

"ಒಳಗೆ ಪ್ರೆಷರ್ ಐತೆ ಅಣ್ಣಾ, ತೆಗೆದ್ರೆ ಕುದಿಯೋ ನೀರು ಮುಖಕ್ಕೇ ಚಿಮ್ತದೆ!"

"ಮುಹೂರ್ತ ಮೀರೋಯ್ತದೆ ಕಣಪ್ಪಾ!"

ಇಂಜಿನ್ ಆರುವವರೆಗೂ ಬೈದರು, ಬೈಸಿಕೊಂಡೆ. ಆಮೇಲೆ ನೀರು ತುಂಬಿಸಿದೆ. ಹಿಂದಿನ ದಿನವಷ್ಟೇ ರೇಡಿಯೇಟರ್ ಪೈಪು ಬದಲಾಯಿಸಿದ್ದೆ. ಒಳಗೆ ಗಾಳಿ ಸಿಕ್ಕಿಕೊಂಡಿತ್ತು. ಅದು ಮೇಲಕ್ಕೆ ಬರಲಿ ಅಂತ ಪಕ್ಕದ ದಿಬ್ಬಕ್ಕೆ ಕಾರಿನ ಮೂತಿ ಹತ್ತಿಸಿದೆ. ಮುಚ್ಚಳ ತೆಗೆದೇ ಇಟ್ಟು ಇಂಜಿನ್ ಚಾಲೂ ಮಾಡಿ, ಹೀಟರ್ ಪೂರ್ತಿ ತಿರುಗಿಸಿ, ಮಾವನನ್ನು ಒಳಗೆ ಕೂರಿಸಿದೆ.

"ಬಿಸಿಗಾಳಿ ಬಂದ್ರೆ ಕೂಗಿ. ಅಂಗಂದ್ರೆ ಸಿಕ್ಕಿದ್ದ ಗಾಳಿ ಆಚೆ ಓಗಿ ನೀರು ಓಡ್ತಾ ಐತೆ ಅಂತ."

"ಈ ಬಿಸಿಲಲ್ಲಿ ಹೀಟರ್ರಾ!"

ನಾನು ಪೈಪು ಹಿಸುಕಿದೆ. ಗುಳುಗುಳು ಅಂತ ಗುಳ್ಳೆ ಎದ್ದವು.

"ಬಂತಾ ಅಣ್ಣಾ?"

"ಇನ್ನೂ ತಣ್ಣಗೇ ಐತೆ."

ಮತ್ತೆ ಹಿಸುಕಿದೆ. ಮಾವ ಒಳಗಿಂದ ಕಿರುಚಿದರು: "ಬಂತು ಕಣಪ್ಪಾ! ಒಲೆ ಮುಂದೆ ಕುಂತಂಗೈತೆ!"

ಮುಚ್ಚಳ ಬಿಗಿದು ಹೊರಟೆವು. ಇಂಜಿನ್ ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬಂದು ನಿಂತದ್ದು ಛತ್ರದವರೆಗೂ ಅಲ್ಲಾಡಲಿಲ್ಲ. ವಾಲಗ ಜೋರಾಗುವ ಹೊತ್ತಿಗೆ ಸರಿಯಾಗಿ ಮಾವ ಹೆಣ್ಣನ್ನು ಎತ್ತಿಕೊಂಡು ಬಂದರು. ನಾನೇ ಎತ್ತಿಕೊಂಡು ಬಂದಷ್ಟು ಬೀಗಿದೆ. ಅವರ ಮುಖದ ತುಂಬ ನೀರು ಇಳಿಯುತ್ತಿತ್ತು. ನನ್ನ ಪಕ್ಕದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಂಗೆ ಅಳ್ತವ್ನೆ ನೋಡು! ಸೋದರಮಾವ ಅಂದ್ರೆ ಇಂಗಿರ್ಬೇಕು."

ಇಂಜಿನ್ ಮತ್ತೆ ಕಾಯದಿರಲಿ ಅಂತ ದಾರಿಯುದ್ದಕ್ಕೂ ಹೀಟರ್ ಆರಿಸಲು ನಾನು ಬಿಟ್ಟಿರಲಿಲ್ಲ ಅನ್ನುವುದನ್ನು ಮಾವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.